ಚಳಿಗಾಲದ ಬೆಳಿಗ್ಗೆ ಹೊಳೆ ದಡದ ನಡಿಗೆ: ಹೋಗಿ ಬಂದವರು ಸ್ವಲ್ಪ ಹೇಳಿ

ಮುಂದಿನ ವಾರ ನಾನು, ಅಮ್ಮ ಹಳ್ಳಿ ಕಡೆ 4 ದಿನ ಇರುತ್ತೇವೆ. ಮನೆ ಹಿಂದೆಯೇ ಹೊಳೆ. ಬೆಳಿಗ್ಗೆ 5ಕ್ಕೇ ಎದ್ದು ದಡದುದ್ದಕ್ಕೂ ನಡೆಯಬೇಕು ಅಂತ ಆಸೆ. ಅಮ್ಮನಿಗೆ 62. ಚೆನ್ನಾಗಿ ನಡೆಯುತ್ತಾರೆ, ಆದರೆ ಚಳಿ ತಡೆಯಲ್ಲ. ಎಷ್ಟು ಹೊತ್ತಿಗೆ ಹೊರಡೋದು ಒಳ್ಳೇದು? ಏನೇನು ನೋಡಿಕೊಳ್ಳಬೇಕು?

*

5 ಗಂಟೆ ಬೇಡ. ನಾನೂ ಮೊದಲ ಸಲ ಅದೇ ಹುಮ್ಮಸ್ಸಿನಲ್ಲಿ ಕತ್ತಲಲ್ಲೇ ಹೊರಟಿದ್ದೆ. ಹೊಳೆ ಸದ್ದು ಕೇಳುತ್ತಿತ್ತು, ಹೊಳೆಯೇ ಕಾಣಲಿಲ್ಲ. ಹಣೆಗೆ ಕಟ್ಟಿಕೊಂಡ ಟಾರ್ಚ್ ಹಾಕಿದರೆ ಮುಂದೆ ಬೆಳ್ಳನೆ ಗೋಡೆ. ಬೆಳಕು ಮಂಜಿನ ಹನಿಗೆ ತಾಗಿ ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಟಾರ್ಚ್ ಬಿಚ್ಚಿ ಮೊಣಕಾಲಿನ ಮಟ್ಟಕ್ಕೆ ಹಿಡಿದ ಮೇಲೆ ದಾರಿ ಕಂಡಿತು.

ಸೂರ್ಯ ಬಂದರೆ ಚಳಿ ಹೋಗುತ್ತೆ ಅಂದುಕೊಂಡಿದ್ದೆ. ಅದೂ ತಪ್ಪು. ರಾತ್ರಿಯೆಲ್ಲ ನೆಲ ತನ್ನ ಕಾವನ್ನು ಬಿಟ್ಟುಕೊಡುತ್ತಲೇ ಇರುತ್ತದೆ, ಎಳೆ ಬಿಸಿಲಿಗೆ ಅದನ್ನು ತುಂಬಿಕೊಡುವ ಶಕ್ತಿ ಇರಲ್ಲ. ಮೋಡ, ಗಾಳಿ ಇಲ್ಲದ ದಿನ ಚಳಿ ಜಾಸ್ತಿ ಕಚ್ಚುವುದು ಸೂರ್ಯ ಹುಟ್ಟುವ ಹೊತ್ತಿನಲ್ಲೇ. ತಣ್ಣನೆ ಗಾಳಿ ಭಾರ ಬೇರೆ, ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೊಳೆ ಇರುವುದೂ ತಗ್ಗಿನಲ್ಲೇ ಅಲ್ವಾ? ಅಂಗಳದಲ್ಲಿ ಸಾಕು ಅನ್ನಿಸಿದ ಸ್ವೆಟರ್ ದಡದಲ್ಲಿ ಸಾಲಲಿಲ್ಲ.

ಅಮ್ಮನ ಜೊತೆ ಅಂದರೆ ಸೂರ್ಯ ಹುಟ್ಟಿ ಮುಕ್ಕಾಲು ಗಂಟೆ ಬಿಟ್ಟು ಹೊರಡಿ. ಮಂಜು ತಪ್ಪಿಹೋಗುತ್ತೇನೋ ಅಂತ ಚಿಂತೆ ಬೇಡ. ನೀರು ಗಾಳಿಯಷ್ಟು ಬೇಗ ತಣ್ಣಗಾಗಲ್ಲ, ಅದಕ್ಕೇ ಹೊಳೆ ಮೇಲೆ ಹಬೆ ಏಳುತ್ತಿರುತ್ತದೆ. ಓರೆ ಬಿಸಿಲು ಬಿದ್ದಾಗ ಅದು ಸಣ್ಣ ಸಣ್ಣ ಸುರುಳಿಯಾಗಿ ನೀರಿನ ಮೇಲೆ ಜಾರುತ್ತಾ ಹೋಗುತ್ತದೆ. ನಾನು ಸುಮ್ನೆ ಹತ್ತು ನಿಮಿಷ ನಿಂತು ನೋಡಿದ್ದೇನೆ.

*

ಎಲ್ಲರೂ ಸ್ವೆಟರ್ ಸ್ವೆಟರ್ ಅಂತಾರೆ. ಒದ್ದೆಯಾಗೋದು ಕಾಲು! ಇಬ್ಬನಿ ಹಿಡಿದ ಹುಲ್ಲಲ್ಲಿ ಐದು ನಿಮಿಷ ನಡೆದರೆ ಬಟ್ಟೆಯ ಶೂ ಹಿಂಡುವ ಹಾಗಾಗುತ್ತದೆ. ಹತ್ತಿ ಸಾಕ್ಸ್ ನೆನೆದರೆ ಮುಗೀತು, ಉಣ್ಣೆಯದು ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಒಂದು ಜೊತೆ ಒಣ ಸಾಕ್ಸ್ ಜೇಬಲ್ಲಿರಲಿ. ಜೀನ್ಸ್ ಬೇಡವೇ ಬೇಡ.

*

ಬಟ್ಟೆ ಸರಿ, ದಡದ ಬಗ್ಗೆ ಯಾರೂ ಹೇಳಲಿಲ್ಲ. ಹೊಳೆ ತಿರುಗುವ ಕಡೆ ಹೊರಮೈಯ ದಡಕ್ಕೆ ನೀರು ರಭಸವಾಗಿ ಬಡಿದು ಅಡಿಯ ಮಣ್ಣನ್ನು ಕೊರೆಯುತ್ತದೆ. ಮೇಲೆ ಹಸಿರು ಹುಲ್ಲು, ಕೆಳಗೆ ಪೊಳ್ಳು. ಹೋದ ವರ್ಷ ಫೋಟೋ ತೆಗೆಯೋಕೆ ಅಂತ ಅಂಚಿಗೆ ಒಂದು ಹೆಜ್ಜೆ ಜಾಸ್ತಿ ಹೋದೆ. ಹೆಂಟೆ ಸಮೇತ ಸೊಂಟದವರೆಗೆ ನೀರಿಗೆ! ಬೇರು ಸಿಕ್ಕಿದ್ದಕ್ಕೆ ಮೇಲೆ ಬಂದೆ. ಕ್ಯಾಮೆರಾ ಮಾತ್ರ ಬರಲಿಲ್ಲ. ಅಲ್ಲಿ ನೀರೂ ಆಳ ಇರುತ್ತದೆ. ಒಳಮೈಯ ಕಡೆ ಸಾಮಾನ್ಯವಾಗಿ ಮರಳು ಕೂತು ನೀರು ತೆಳ್ಳಗಿರುತ್ತದೆ, ಅಮ್ಮನನ್ನು ಅಲ್ಲೇ ನಡೆಸಿ. ಪಾಚಿ ಕಲ್ಲಿನ ಮೇಲೆ ಕಾಲಿಡಬೇಡಿ, ಒಣಗಿದ್ದು ಅನ್ನಿಸಿದರೂ.

*

ನಂದೊಂದು ತಕರಾರು. ಅಮ್ಮನ ವಿಷಯ ಬೇರೆ, ನೀವೊಬ್ಬರೇ ಒಂದು ದಿನವಾದರೂ ಬೆಳಕು ಹರಿಯುವ ಹೊತ್ತಿಗೆ ಹೋಗಿ ಕೂತಿರಿ. ನಡೆಯಬೇಡಿ, ಕೂತಿರಿ. ನಡೆಯುವವರಿಗೆ ಹಕ್ಕಿ ಹಾರಿಹೋಗಿದ್ದಷ್ಟೇ ಕಾಣೋದು. ಮಿಂಚುಳ್ಳಿ ನನ್ನಿಂದ ಎರಡು ಮಾರು ದೂರದ ಕಡ್ಡಿ ಮೇಲೆ ಕೂತು, ಹಿಡಿದ ಮೀನನ್ನು ಪಟಪಟ ಬಡಿದು, ತಲೆ ಕಡೆಯಿಂದ ನುಂಗಿದ್ದು ನೋಡಿದ್ದೇನೆ. ನೀರುಕಾಗೆ ಸಿಕ್ಕರೆ ಇನ್ನೂ ಮಜಾ. ಅದರ ರೆಕ್ಕೆ ನೀರು ಹಿಡಿದುಕೊಳ್ಳುತ್ತದೆ, ಹಾಗಾಗಿ ಮುಳುಗಿ ಎದ್ದ ಮೇಲೆ ಕಲ್ಲಿನ ಮೇಲೆ ರೆಕ್ಕೆ ಅಗಲಿಸಿಕೊಂಡು ನಿಲ್ಲುತ್ತದೆ, ಕೋಟು ಒಣಗಿಸಿದ ಹಾಗೆ. ಫೋನನ್ನು ಒಳಜೇಬಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

*

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಮೂರು ದಿನ ಬಿಸಿಲು ಬಂದ ಮೇಲೆ ಇಬ್ಬರೂ, ಒಂದು ದಿನ ನಾನೊಬ್ಬಳೇ ಬೇಗ ಅಂತ ತೀರ್ಮಾನ ಮಾಡಿದ್ದೆ. ಅಮ್ಮ ಒಪ್ಪುತ್ತಿಲ್ಲ. ಕೂತ್ಕೊಳ್ಳೋದೇ ಆದರೆ ಕಂಬಳಿ ಹೊದ್ದು ನಾನೂ ಬರ್ತೀನಿ ಅಂತ ಆಗಲೇ ಕಂಬಳಿ ತೆಗೆದಿಟ್ಟಿದ್ದಾರೆ.