ಮೇನ್‌ಶೀಟಿಗೆ ‘ಹಿಡಿಹಗ್ಗ’ ಅಂದರೆ ಒಪ್ಪುತ್ತೀರಾ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಗೆಳೆಯರೊಬ್ಬರು ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಿಸೋಣವೆಂದು ಹದಿನಾಲ್ಕು ಅಡಿಯ ಹಳೇ ಹಾಯಿದೋಣಿ ಕೊಂಡಿದ್ದಾರೆ. ಅದರ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ಮೊದಲು ಯಂತ್ರಾನುವಾದಕ್ಕೆ ಹಾಕಿದ್ದರಂತೆ, ಮೇನ್‌ಶೀಟ್ ಹೋಗಿ ‘ಮುಖ್ಯ ಹಾಳೆ’ ಆಗಿತ್ತು. ‘ಗಾಳಿ ಜೋರಾದರೆ ಮುಖ್ಯ ಹಾಳೆಯನ್ನು ಸಡಿಲಿಸಿ’ ಅಂತ ಓದಿ ನಕ್ಕಿದ್ದೇ ನಕ್ಕಿದ್ದು.

ಇಲ್ಲಿ ಶೀಟ್ ಅಂದರೆ ಹಾಳೆಯಲ್ಲ, ಬಟ್ಟೆಯೂ ಅಲ್ಲ, ಹಗ್ಗ. ಮೇನ್‌ಶೀಟ್ ಅಂದರೆ ದೊಡ್ಡ ಹಾಯಿಯನ್ನು ಗಾಳಿಗೆ ತಕ್ಕಂತೆ ಒಳಗೆಳೆಯುವ, ಸಡಿಲಬಿಡುವ ಹಗ್ಗ. ಹಳೆಯ ಇಂಗ್ಲಿಷಿನಲ್ಲಿ ಹಾಯಿಯ ಕೆಳಮೂಲೆಗಿದ್ದ ಹೆಸರು ಆ ಮೂಲೆಗೆ ಕಟ್ಟಿದ ಹಗ್ಗಕ್ಕೆ ಅಂಟಿಕೊಂಡಿದೆ. ಅದೇ ಜಾಡು ಹಿಡಿದರೆ ನಮ್ಮಲ್ಲಿ ‘ಚುಂಗುಹಗ್ಗ’ ಆಗಬೇಕು. ಪೇಟಕ್ಕೆ, ಸೆರಗಿಗೆ ಚುಂಗಿದೆ, ಹಾಯಿಗೂ ಇರಲಿ! ಆದರೆ ಈ ದೋಣಿಯಲ್ಲಿ ಹಗ್ಗವನ್ನು ಕಟ್ಟಿರುವುದು ಹಾಯಿಯ ಬುಡದ ಅಡ್ಡಮರಕ್ಕೆ. ‘ಹಾಯಿಹಗ್ಗ’ ಅನ್ನೋಣವೆಂದರೆ ಹಾಯಿಯನ್ನು ಕೂವೆಮರಕ್ಕೆ, ಅಂದರೆ ದೋಣಿಯ ನಿಲುಗಂಬಕ್ಕೆ, ಏರಿಸುವುದೂ ಹಾಯಿಹಗ್ಗವೇ. ದಡ ಸೇರುವ ತನಕ ಕೈಯಲ್ಲೇ ಇರಬೇಕಾದದ್ದು ಇದೊಂದೇ, ಅದಕ್ಕೇ ನನ್ನ ಓಟು ‘ಹಿಡಿಹಗ್ಗ’ಕ್ಕೆ.

ನಿಜವಾದ ತೊಡಕು ಟ್ಯಾಕಲ್‌ನದು, ಅಂದರೆ ಈ ಹಗ್ಗವನ್ನು ರಾಟೆಗಳಲ್ಲಿ ಪೋಣಿಸಿ ಕೈಗೆ ಬೀಳುವ ಭಾರ ಇಳಿಸುವ ಜೋಡಣೆಯದು. ಭಾರವನ್ನು ಕಾಲುಭಾಗ ಮಾಡುವ ನಾಲ್ಕಕ್ಕೊಂದರ ಜೋಡಣೆಗೆ ‘ನಾಲ್ಕೆಳೆ’ ಎಂದು ಬರೆದುಕೊಟ್ಟಿದ್ದೆ. ಹಾರ್ಡ್‌ವೇರ್ ಅಂಗಡಿಯವರು ನಾಲ್ಕೆಳೆ ಹೊಸೆದ ಹಗ್ಗದ ಸುರುಳಿ ತಂದು ಮುಂದಿಟ್ಟರು. ತಪ್ಪು ನನ್ನದೇ. ‘ನಾಲ್ಕು ರಾಟೆ’ ಅನ್ನುವುದೂ ಸರಿಹೋಗದು, ದೋಣಿಯ ತಳಕ್ಕೆ ಕಚ್ಚಿಸಿದ ಒಂಟಿ ರಾಟೆ ನಮ್ಮ ಬಾವಿ ರಾಟೆಯಂತೆ ಎಳೆಯುವ ದಿಕ್ಕು ಬದಲಿಸೀತೇ ಹೊರತು ಭಾರ ಇಳಿಸದು. ಎಣಿಸಬೇಕಾದ್ದು ಅಡ್ಡಮರದ ಕಡೆಯಿಂದ ಇಳಿಬಿದ್ದ ಹಗ್ಗದ ಸಾಲುಗಳನ್ನು. ನಾಲ್ಕು ಸಾಲಿದ್ದರೆ, ರಾಟೆಯ ತಿಕ್ಕಾಟ ಬಿಟ್ಟು, 40 ಕಿಲೋ ಜಗ್ಗು ಕೈಗೆ 10 ಕಿಲೋ ಆಗುತ್ತದೆ. ಬದಲಿಗೆ ಮರ ಒಂದಡಿ ಬರಲು ಹಗ್ಗ ನಾಲ್ಕಡಿ ಎಳೆಯಬೇಕು. ಹಾಗಾಗಿ ‘ನಾಲ್ಕು ಸಾಲಿನ ರಾಟೆ’ ಎಂದು ಬರೆದಿದ್ದೇನೆ.

ಗೆಳೆಯರಿಗೆ ಮೊಣಕೈ ನೋವು, ಆರು ಸಾಲಿನದೇ ಬೇಕು ಅಂತ ಹಟ. ಬೇಡಿ ಅಂದೆ. ಆಷಾಢದ ಗಾಳಿ ರಪ್ಪನೆ ಹೊಡೆದಾಗ ಹಗ್ಗ ಸರ್ರನೆ ಓಡಬೇಕು, ಆರು ಸಾಲಿನಲ್ಲಿ ತಿಣುಕುತ್ತಾ ಬಿಡುವಷ್ಟರಲ್ಲಿ ದೋಣಿ ಮಗುಚಿರುತ್ತದೆ. ಲೇಸರ್ ಅನ್ನುವ, ಒಬ್ಬರೇ ಓಡಿಸುವ ಪುಟ್ಟ ಹಾಯಿದೋಣಿಯ 7.06 ಚದರ ಮೀಟರ್ ಹಾಯಿಗೆ ಮೂರೇ ಸಾಲು. ಕಟ್ಟುವ ಜಾಗವೂ ಮುಖ್ಯ: ಅಡ್ಡಮರದ ತುದಿ ಬಿಟ್ಟು ನಡುವಿಗೆ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇವೆಲ್ಲ ಕಾವೇರಿ ದಡದವನು ಕೂತು ಕಟ್ಟಿದ ಪದಗಳು. ಕರಾವಳಿಯವರು ಯಾರಾದರೂ ಇದ್ದರೆ ಹೇಳಿ: ಮಚ್ವೆಗೆ ಹಾಯಿ ಕಟ್ಟುತ್ತಿದ್ದ ನಿಮ್ಮ ಹಿರಿಯರು ಈ ಹಗ್ಗವನ್ನು ಏನಂತ ಕರೆಯುತ್ತಿದ್ದರು?