ಕಿಟ್‌ಕ್ಯಾಟ್ ಹಲಗೆ ತೆಗೆದು ಎಂಸಿಬಿ: ಆರ್‌ಸಿಸಿಬಿ ಬೇಕೇ ಬೇಕಾ?

ಅಡಿಕೆಮನೆ: ತೀರ್ಥಹಳ್ಳಿ ಕಡೆಯ ಹಳೇ ಮನೆ ನಮ್ಮದು. ಮರದ ಹಲಗೆ ಮೇಲೆ ಆರು ಕಿಟ್‌ಕ್ಯಾಟ್ ಫ್ಯೂಸು. ಕಂಬದಿಂದ ಬರುವುದು ಎರಡೇ ತಂತಿ, ಅರ್ತಿಂಗಿಗೆ ಬಾವಿಕಟ್ಟೆ ಪಕ್ಕ ನಮ್ಮದೇ ಗುಂಡಿ. ಹಲಗೆ ತೆಗೆಸಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬಾಕ್ಸ್ ಹಾಕಿಸಬೇಕು. "ಎಂಸಿಬಿ ಸಾಕು, ಆರ್‌ಸಿಸಿಬಿ ಹಾಕಿದ್ರೆ ಮಳೆಗಾಲ ಪೂರ್ತಿ ಟ್ರಿಪ್ ಆಗುತ್ತೆ" ಅನ್ನುತ್ತಾನೆ ನಮ್ಮ ವೈರ್‌ಮನ್. ಆರ್‌ಸಿಸಿಬಿ ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ಹಾರುವ ಸ್ವಿಚ್ಚಂತೆ. ಆದರೆ ಮೊನ್ನೆ ಗ್ರೈಂಡರ್ ಮುಟ್ಟಿದರೆ ಜುಮ್ ಅಂತು. ಏನು ಮಾಡಲಿ?

ಓಮ್‌ಭಟ್ಟ: "ಎಂಸಿಬಿ ಸಾಕು" ಅಂದವನಿಗೆ ಒಂದು ಲೆಕ್ಕ ಕೊಡಿ. ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 20 ಓಮ್ ಅಂತಿಟ್ಟುಕೊಳ್ಳಿ. ಜಂಬಿಟ್ಟಿಗೆ ನೆಲದಲ್ಲಿ ಅಷ್ಟು ಕಡಿಮೆ ಬಂದರೆ ಪುಣ್ಯ. ಗ್ರೈಂಡರ್ ಬಾಡಿಗೆ ಫೇಸ್ ತಾಗಿತು. 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಮಾಮೂಲಿ ಲೋಡು, ಸುಮ್ನೆ ಕೂತಿರುತ್ತದೆ. ಬಾಡಿಯಲ್ಲಿ ಕರೆಂಟ್ ನಿಂತೇ ಇರುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿಯಾದರೆ ಗುಂಡಿ 200 ಓಮ್ ಇದ್ದರೂ ಹಾರುತ್ತದೆ. ಸ್ವಂತ ಗುಂಡಿಯ ಮನೆಗೆ ಅದು ಬೇಕೇ ಬೇಕು.

ಹಳೇ ವೈರ್‌ಮನ್: "20 ಓಮ್ ಅಂತಿಟ್ಟುಕೊಳ್ಳಿ." ಯಾಕೆ ಸ್ವಾಮಿ ಇಟ್ಟುಕೊಳ್ಳಬೇಕು? ಉಪ್ಪು, ಇದ್ದಿಲು ಸರಿಯಾಗಿ ತುಂಬಿ, ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹೊಯ್ದರೆ 3 ಓಮಿಗೆ ಬರುತ್ತದೆ. ನಾನು ಮಾಡಿದ ಗುಂಡಿಗಳಲ್ಲಿ ಫೇಸಿಗೂ ಅರ್ತಿಗೂ 100 ವಾಟ್ ಬಲ್ಬ್ ಕೊಟ್ಟು ನೋಡಿ, ಫಳಫಳ ಉರಿಯುತ್ತದೆ.

ಕರಾವಳಿ ಕಪ್ಪೆ: ಉಪ್ಪಾ? ನಮ್ಮ ಗುಂಡಿಗೂ ಯಾರೋ ಪುಣ್ಯಾತ್ಮ ಒಂದು ಮೂಟೆ ಸುರಿದಿದ್ದ. ಹತ್ತು ವರ್ಷ ಬಿಟ್ಟು ಅಗೆದರೆ ಜಿಐ ಪೈಪು ಹಪ್ಪಳ. ಬೆರಳಲ್ಲಿ ಒತ್ತಿದರೆ ಪುಡಿ. ಕ್ಲಾಂಪ್ ಉದುರಿ ಹೋಗಿತ್ತು, ಅರ್ತ್ ತಂತಿ ಗಾಳಿಯಲ್ಲಿ ನೇತಾಡುತ್ತಿತ್ತು. ಉಪ್ಪಿನ ಬದಲು ಬೆಂಟೊನೈಟ್ ಜೇಡಿಮಣ್ಣು ಹಾಕಿ.

ಹಳೇ ವೈರ್‌ಮನ್: ಬೆಂಟೊನೈಟ್ ಅಂಗಡಿಯವರ ವ್ಯಾಪಾರ. ಅರ್ತಿಂಗಿನ ಸರ್ಕಾರಿ ಮಾನದಂಡ ಐಎಸ್ 3043ರಲ್ಲೇ ಉಪ್ಪು, ಇದ್ದಿಲಿನ ಮಾತಿದೆ. ಓದಿಕೊಂಡು ಬನ್ನಿ.

ಕರಾವಳಿ ಕಪ್ಪೆ: ಅದೇ ಪುಸ್ತಕದಲ್ಲಿ ತುಕ್ಕಿನ ಮಾತೂ ಇದೆ. ಆ ಪುಟ ಅಂಟಿಕೊಂಡಿತ್ತಾ?

ಓಮ್‌ಭಟ್ಟ: ಉಪ್ಪು ಬಿಡಿ. ಆ ಬಲ್ಬ್ ಟೆಸ್ಟ್ ಇದೆಯಲ್ಲ, ಅದು ಶುದ್ಧ ಮೋಸ. 100 ವಾಟ್ ಬಲ್ಬೇ 529 ಓಮ್. ಗುಂಡಿ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಫಳಫಳ ಉರಿಯುತ್ತದೆ. ಗುಂಡಿಯ ಓಮ್ ಅಳೆಯುವ ಅರ್ತ್ ಟೆಸ್ಟರ್ ಹಿಡಿದಿದ್ದೀರಾ ಯಾವತ್ತಾದರೂ?

ಹಳೇ ವೈರ್‌ಮನ್: "ಮೋಸ" ಅನ್ನೋ ಮಾತು ವಾಪಸ್ ತಗೊಳ್ಳಿ. 28 ವರ್ಷದಲ್ಲಿ ನನ್ನ ಕೈಯಲ್ಲಿ ಒಬ್ಬರಿಗೂ ಏನೂ ಆಗಿಲ್ಲ. ಫ್ಯಾನ್ ಕೆಳಗೆ ಕೂತು ಭಾಗಾಕಾರ ಮಾಡುವವರಿಗೆ ಗುಂಡಿ ಅಗೆಯುವ ಕಷ್ಟ ಗೊತ್ತಾ?

ಓಮ್‌ಭಟ್ಟ: ಟೆಸ್ಟಿಗೆ ಮೋಸ ಅಂದೆ, ನಿಮಗಲ್ಲ. ಟೆಸ್ಟರ್ ಪ್ರಶ್ನೆಗೆ ಉತ್ತರ ಬರಲಿಲ್ಲ.

ಬೆಂಗ್ಳೂರ್ ಬಾಡಿಗೆದಾರ: ನಮ್ಮ ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತುತ್ತೇನೆ, ಟಕ್ ಅಂತ ಹಾರುತ್ತದೆ. ಅಂದರೆ ಅರ್ತಿಂಗ್ ಚೆನ್ನಾಗಿದೆ. ಇಷ್ಟು ಸುಲಭ, ಯಾಕೆ ಜಗಳ?

ಓಮ್‌ಭಟ್ಟ: ಅಯ್ಯೋ. ಆ ಬಟನ್ನಿಗೂ ಗುಂಡಿಗೂ ಸಂಬಂಧವೇ ಇಲ್ಲ. ಫೇಸಿನಿಂದ ನ್ಯೂಟ್ರಲ್ಲಿಗೆ ಒಳಗೊಳಗೇ ಸ್ವಲ್ಪ ಕರೆಂಟ್ ಬಿಡುತ್ತದೆ, ಅಷ್ಟೇ. ಗುಂಡಿಯೇ ಇಲ್ಲದಿದ್ದರೂ ಹಾರುತ್ತದೆ.

ಹಳೇ ವೈರ್‌ಮನ್: ಕೇಳಿದ್ರಾ? ಗುಂಡಿ ಇಲ್ಲದಿದ್ದರೂ ಹಾರುತ್ತಂತೆ. ಇಂಥದ್ದನ್ನು ನಂಬಿ ಮನೆಗೆ ಹಾಕಿಸಬೇಕು.

ಕರಾವಳಿ ಕಪ್ಪೆ: ಉಪ್ಪಿನ ವಿಷಯದಿಂದ ಜಾರಿಕೊಳ್ಳಬೇಡಿ.

ಸೊರಬದ ಸೊಸೆ: ಮಳೆಗಾಲದ ಟ್ರಿಪ್ಪಿನ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ನಮ್ಮಲ್ಲೂ ಹಾರುತ್ತಿತ್ತು, ಮಳೆಯ ತಪ್ಪಲ್ಲ. ಇನ್ವರ್ಟರ್ ಹಾಕುವಾಗ ಅದರ ನ್ಯೂಟ್ರಲ್ ಮೇನ್ ನ್ಯೂಟ್ರಲ್ ಜೊತೆ ಮಿಕ್ಸ್ ಮಾಡಿದ್ದರು. ಬೇರೆ ಮಾಡಿಸಿದ ಮೇಲೆ ನಿಂತಿತು. ಹಿತ್ತಲ ಪಂಪಿನ ವೈರಿಗೂ ನೀರು ಹೋಗಿತ್ತು. ಅದಕ್ಕೆ ಹಾರಿದ್ದು ಒಳ್ಳೇದೇ ಆಯ್ತು.

ಹಳೇ ವೈರ್‌ಮನ್: "ನಮ್ಮಲ್ಲೂ ಹಾರುತ್ತಿತ್ತು." ಅಡಿಕೆಮನೆಯವರ ವೈರ್‌ಮನ್ ಹೇಳಿದ್ದೂ ಅದೇ, ಅಲ್ವಾ?

ಅಡಿಕೆಮನೆ: ಇವತ್ತು ಅಡುಗೆಮನೆಯ ತ್ರೀಪಿನ್ ಸಾಕೆಟ್ ಬಿಚ್ಚಿಸಿದೆ. ಮೇಲಿನ ದಪ್ಪ ತೂತಿಗೆ, ಅಂದರೆ ಅರ್ತಿಗೆ, ತಂತಿಯೇ ಇಲ್ಲ! ಒಳಗೆ ಜೇಡ ಗೂಡು ಕಟ್ಟಿದೆ. ಹಲಗೆಯಿಂದ ಅಲ್ಲಿಗೆ ಬಂದಿರುವುದು ಎರಡೇ ವೈರು.

ಹಳೇ ವೈರ್‌ಮನ್: ನೋಡಿ! ಬೇಕಾಗಿದ್ದುದು ಐದು ಮೀಟರ್ ಹಸಿರು ವೈರು. ಆರ್‌ಸಿಸಿಬಿ ಅಲ್ಲ.

ಓಮ್‌ಭಟ್ಟ: ಹಸಿರು ವೈರು ಎಳೆದು ಎಲ್ಲಿಗೆ ಕೊಡುತ್ತೀರಿ? ಎಷ್ಟು ಓಮ್ ಅಂತ ಯಾರೂ ಅಳೆಯದ ಗುಂಡಿಗೆ. ಮತ್ತೆ ಅದೇ 11.5 ಆಂಪಿಯರ್. ವೈರೂ ಬೇಕು, ಆರ್‌ಸಿಸಿಬಿಯೂ ಬೇಕು.

ಹಳೇ ವೈರ್‌ಮನ್: ಅಡಿಕೆಮನೆಯವರೇ, ಬೇಕಿದ್ದರೆ ಹಾಕಿಸಿ, ದುಡ್ಡು ನಿಮ್ಮದು. ಗುಂಡಿಗೆ ಮಾತ್ರ ಒಂದು ಕೊಡ ನೀರು ಹೊಯ್ಯಿರಿ.

ಕರಾವಳಿ ಕಪ್ಪೆ: ಉಪ್ಪು ಹಾಕದೆ.