ಬೇಲಿಯನ್ನೇ ಕಿತ್ತುಹಾಕಬಹುದೇ?

ತಂದೆಯವರ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ‘ಡೆಸ್ಮೋಪ್ಲಾಸಿಯಾ’ ಎಂಬ ಪದವನ್ನು ಕಂಡು, ಗಡ್ಡೆಯ ಸುತ್ತ ನಾರು ಹೆಣೆದು ಔಷಧಕ್ಕೆ ಅಡ್ಡ ನಿಲ್ಲುವ ಕೋಶಗಳನ್ನೇ ಮೊದಲು ನಾಶಮಾಡಬಾರದೇ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದ ಗುಬ್ಬಿಯ ಸೋದರಿಗೆ ಓದುಗರು ಬರೆದಿದ್ದಾರೆ.

ಸೋದರಿ, ನಿಮ್ಮ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡು, ಪ್ರಯೋಗಕ್ಕಿಳಿದು ಕೈಸುಟ್ಟುಕೊಂಡಿದ್ದಾರೆ. ಗಡ್ಡೆಯ ಸುತ್ತ ನಾರಿನಂಥ ಅಂಗಾಂಶ ದಟ್ಟವಾಗಿ ಬೆಳೆದಿದೆ ಎಂಬುದಷ್ಟೇ ಆ ಪದದ ಅರ್ಥ. ಅದನ್ನು ಹೆಣೆಯುವವು ಸಂಯೋಜಕ ಅಂಗಾಂಶದ ಫೈಬ್ರೋಬ್ಲಾಸ್ಟ್ ಕೋಶಗಳು. ಗಾಯವಾದಾಗ ಕೊಲಾಜೆನ್ ತುಂಬಿ ಮಾಯಿಸುವ, ನಮ್ಮದೇ ದೇಹದ ಆಳುಗಳು. ಕ್ಯಾನ್ಸರ್ ಗಡ್ಡೆಯನ್ನು ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ‘ಎಂದೂ ಮಾಯದ ಗಾಯ’ ಎಂದು ಕರೆದರು. ಗಡ್ಡೆ ಸೂಸುವ ಟಿಜಿಎಫ್-ಬೀಟಾದಂಥ ಸಂಕೇತಗಳಿಗೆ ಓಗೊಟ್ಟು ಈ ಕೋಶಗಳು ಬಿಡುವಿಲ್ಲದೆ ನಾರು ಹೆಣೆಯುವುದರಿಂದ, ರಕ್ತನಾಳಗಳು ಅದುಮಿಹೋಗಿ ಕೀಮೋ ಔಷಧ ಒಳಗೆ ತಲುಪುವುದು ಕಷ್ಟವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಹಾಗೆ.

ಆದರೆ ಬೇಲಿಯನ್ನು ಕಿತ್ತು ನೋಡಿದವರ ಅನುಭವ ಬೇರೆಯಾಗಿತ್ತು. ನಾರು ಬೆಳೆಸುವ ‘ಹೆಡ್ಜ್‌ಹಾಗ್’ ಎಂಬ ಸಂಕೇತವನ್ನು ತಡೆದರೆ ಇಲಿಗಳಲ್ಲಿ ಕೀಮೋ ಔಷಧ ಚೆನ್ನಾಗಿ ಒಳಹೊಗುತ್ತದೆಂದು 2009ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಅಂಥದೇ ಔಷಧವನ್ನು ಪ್ರಯೋಗಿಸಿದಾಗ ಅದನ್ನು ಪಡೆದವರ ಸ್ಥಿತಿಯೇ ಹೆಚ್ಚು ಹದಗೆಟ್ಟು, 2012ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಈ ಕೋಶಗಳನ್ನು ತೆಗೆದ ಇಲಿಗಳಲ್ಲಿ ಗಡ್ಡೆ ಇನ್ನಷ್ಟು ಉಗ್ರವಾದುದನ್ನು 2014ರ ಅಧ್ಯಯನಗಳು ತೋರಿಸಿದವು. ಗಡ್ಡೆಗೆ ನೆರವಾಗುವ ಫೈಬ್ರೋಬ್ಲಾಸ್ಟ್‌ಗಳ ನಡುವೆಯೇ ಅದನ್ನು ಕಟ್ಟಿಹಾಕುವವೂ ಇವೆ. ಒಂದೇ ಏಟಿಗೆ ಎರಡೂ ಸತ್ತರೆ ಲಾಭ ಯಾರಿಗೆ? ಆದ್ದರಿಂದ ಅವುಗಳನ್ನು ಕೊಲ್ಲುವ ಬದಲು ಮೊದಲಿನ ಶಾಂತ ಸ್ಥಿತಿಗೆ ಮರಳಿಸುವ ದಾರಿಯನ್ನು ಈಗ ಹುಡುಕುತ್ತಿದ್ದಾರೆ. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಅದಕ್ಕಾಗಿ ಕಾದು, ನಡೆಯುತ್ತಿರುವ ಕೀಮೋವನ್ನು ಮುಂದೂಡಬೇಡಿ.
– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಚಿಂತಾಮಣಿ

ಈ ಕೋಶಗಳ ಕೆಲಸವನ್ನು ನಾನು ನನ್ನ ಬಾಯಲ್ಲೇ ಕಂಡಿದ್ದೇನೆ, ತಂಗಿ. ನಮ್ಮದೇ ತೋಟದ ಅಡಿಕೆಯನ್ನು ಹಗಲಿರುಳು ಜಗಿದು, ಕೆನ್ನೆಯ ಒಳಗೆ ನಾರು ಗಟ್ಟಿಯಾಗಿ, ಈಗ ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯುವುದಿಲ್ಲ. ಅಡಿಕೆಯ ಅಂಶಗಳು ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸುತ್ತವೆ ಎಂದೂ, ಇದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ ಎಂದೂ ದಂತವೈದ್ಯರು ವಿವರಿಸಿದರು. ನಿಮ್ಮ ತಂದೆಯವರಲ್ಲಿ ಗಡ್ಡೆ ನಾರನ್ನು ಕರೆಸಿಕೊಂಡಿದೆ. ನನ್ನಲ್ಲಿ ನಾರು ಮೊದಲು ಬಂದಿದೆ, ಆದ್ದರಿಂದ ತಪಾಸಣೆ ತಪ್ಪಿಸುವುದಿಲ್ಲ. ಮುಂದಿನ ಭೇಟಿಯಲ್ಲಿ ವರದಿಯ ಆ ಸಾಲಿನ ಮೇಲೆ ಬೆರಳಿಟ್ಟು ವೈದ್ಯರನ್ನೇ ಕೇಳಿ. ನಾನು ಕೇಳದೆಯೇ ಐದು ವರ್ಷ ಕಳೆದೆ.
– ಅಡಿಕೆ ಬೆಳೆಗಾರ, ಚಿಕ್ಕನಾಯಕನಹಳ್ಳಿ